ಅಕ್ಕನ ತೊಟ್ಟಿಗೆ ಹೆಪ್ಪು

ನಮ್ಮಕ್ಕ ಸಾಕುವ ಪ್ರಾಣಿಗಳು ಕಣ್ಣಿಗೇ ಕಾಣುವುದಿಲ್ಲ. ಕೊಳಚೆ ನೀರನ್ನು ಶುದ್ಧಮಾಡುವ ಘಟಕ ಅವಳ ಕೈಯಲ್ಲಿದೆ. ತೊಟ್ಟಿಗಳಲ್ಲಿರುವ ಸೂಕ್ಷ್ಮಜೀವಿಗಳನ್ನು ‘ನನ್ನ ಮಕ್ಕಳು’ ಎನ್ನುತ್ತಾಳೆ. ಕೆಲವಕ್ಕೆ ಗಾಳಿ ಬೇಕು, ಅವು ಅಮೋನಿಯಾ ತಿಂದು ನೈಟ್ರೇಟ್ ಮಾಡುತ್ತವೆ. ಇನ್ನು ಕೆಲವು ಗಾಳಿಯಿಲ್ಲದ ತೊಟ್ಟಿಯಲ್ಲಿ ಮಾತ್ರ ಮೈಬಗ್ಗಿಸಿ ದುಡಿದು, ಆ ನೈಟ್ರೇಟನ್ನು ಸಾರಜನಕವಾಗಿಸಿ ಗಾಳಿಗೆ ಹಾರಿಸುತ್ತವೆ. ಇವು ಕೈಕೊಟ್ಟರೆ ಕೆಳಗಿನ ಕೆರೆ ಪಾಚಿಗಟ್ಟಿ ಮೀನು ಸಾಯುತ್ತವೆ. ಟ್ಯಾಂಕರ್ ಓಡಿಸುವ ನನಗೆ ಇಷ್ಟು ಗೊತ್ತಿರುವುದೇ ಹೆಚ್ಚು.

ಭಾವ ಈಜುಕೊಳ ನೋಡಿಕೊಳ್ಳುವವರು. ಅವರ ಲೆಕ್ಕದಲ್ಲಿ ಶುದ್ಧಿ ಎಂದರೆ ಕ್ಲೋರಿನ್. ಮೇಲಿನವರು ಘಟಕ ನೋಡಲು ಬರುವ ದಿನ ಅಕ್ಕ ಜ್ವರದಿಂದ ಮಲಗಿದ್ದಳು. ಹೆಂಡತಿಯ ಮಾನ ಉಳಿಸೋಣವೆಂದು ಈ ಪುಣ್ಯಾತ್ಮ ಬೆಳಗ್ಗೆಯೇ ಅಲ್ಲಿಗೆ ಹೋಗಿ, ಕಂದು ನೊರೆ ಕಂಡು ಹೇಸಿ, ಕೊಳಕ್ಕೆ ಹಾಕುವ ಪುಡಿಯನ್ನು ಚೀಲಗಟ್ಟಲೆ ಸುರಿದರು. ನೊರೆ ಹೋಯಿತು. ಮಕ್ಕಳೂ ಹೋದವು.

ಅಕ್ಕ ಬೈಯಲಿಲ್ಲ, ಮಾತೇ ಬಿಟ್ಟಳು. ಎದುರಿಗೇ ಕೂತ ಗಂಡನಿಗೆ ನನ್ನ ಮೂಲಕ ಸುದ್ದಿ: “ನಿನ್ನ ಭಾವನಿಗೆ ಹೇಳು, ಊಟ ಬಡಿಸಿದೆ.” ನನಗೆ ರೋಸಿಹೋಯಿತು.

“ಹೊಸದಾಗಿ ಬೆಳೆಸೋಕಾಗಲ್ವಾ ಅಕ್ಕ?”

“ಅಮೋನಿಯಾ ತಿನ್ನೋವು ಆಮೆ ಜಾತಿ ಕಣೋ. ಅವು ಬೆಳೆಯೋ ಹೊತ್ತಿಗೆ ಕೆರೇಲಿ ಮೀನಿರಲ್ಲ. ಪಕ್ಕದೂರಿನ ಘಟಕದಿಂದ ಹೆಪ್ಪು ತರಬೇಕು.”

ಹೆಪ್ಪು ಎಂದರೆ ಅಲ್ಲಿನ ತೊಟ್ಟಿಯ ಜೀವಂತ ಕೆಸರು. ನನ್ನ ಟ್ಯಾಂಕರನ್ನು ಭಾವನೇ ತೊಳೆದರು, ಸೋಪು ಸಹ ಮುಟ್ಟದೆ. ಜೊತೆಗೂ ಬಂದರು. ಪಕ್ಕದೂರಿನ ಮುದುಕ ಆಪರೇಟರ್ ಪೈಪು ಜೋಡಿಸುತ್ತ ಭಾವನ ಕಡೆ ನೋಡಿ ನಕ್ಕ.

“ನಮ್ಮ ಘಟಕ ಶುರುವಾದಾಗ ನಿಮ್ಮ ಮನೆಯವರೇ ಹೆಪ್ಪು ಕೊಟ್ಟಿದ್ದು. ಇವು ಅದರ ಮೊಮ್ಮಕ್ಕಳು. ಅಜ್ಜಿ ಮನೆಗೆ ಕರ್ಕೊಂಡು ಹೋಗಿ.”

ವಾಪಸು ಬರುವಾಗ ಭಾವ ಬಾಯಿ ಬಿಟ್ಟಿದ್ದು ರಸ್ತೆಯಲ್ಲಿ ಗುಂಡಿ ಬಂದಾಗ ಮಾತ್ರ: “ನಿಧಾನ ಕಣೋ, ಹಿಂದೆ ಮಕ್ಕಳಿವೆ.”

ಹೆಪ್ಪು ತೊಟ್ಟಿಗಿಳಿದಂದಿನಿಂದ ಅಕ್ಕ ಹೊರಬೀಳುವ ನೀರನ್ನು ದಿನಾ ಸೀಸೆಯಲ್ಲಿ ಹಿಡಿದು ಔಷಧಿಯ ಹನಿ ಬಿಡುತ್ತಿದ್ದಳು. ಹಳದಿಯಾದರೆ ಅಮೋನಿಯಾ ಇನ್ನೂ ಇದೆ ಎಂದರ್ಥ. ದಿನಾ ಹಳದಿಯೇ. ಭಾವ ಗೇಟಿನಾಚೆ ನಿಂತು ನೋಡುತ್ತಿದ್ದರು. ಒಳಗೆ ಕಾಲಿಡುವ ಧೈರ್ಯವಿರಲಿಲ್ಲ, ಪಾಪ.

ಒಂದು ಬೆಳಗ್ಗೆ ಸೀಸೆಯಲ್ಲಿ ಬಣ್ಣವೇ ಬರಲಿಲ್ಲ. ಅಕ್ಕ ಅದನ್ನು ಬೆಳಕಿಗೆ ಹಿಡಿದು ನೋಡಿ ನನ್ನತ್ತ ತಿರುಗಿದಳು. ‘ನಿನ್ನ ಭಾವನಿಗೆ ಹೇಳು’ ಎನ್ನುತ್ತಾಳೆಂದು ನಾನು ಕಾದೆ. ಅವಳು ನನ್ನನ್ನು ದಾಟಿ ಗೇಟಿನ ಕಡೆ ನೋಡಿದಳು.

“ರೀ, ಕೈ ತೊಳ್ಕೊಂಡು ಬನ್ನಿ. ಮಕ್ಕಳನ್ನ ನೋಡೋರಂತೆ.”

ಭಾವ ನಲ್ಲಿಯ ಬಳಿಗೆ ಓಡಿದರು. ಕೈ ತೊಳೆದರು, ಮತ್ತೆ ತೊಳೆದರು, ಆಮೇಲೆ ಮುಖವನ್ನೂ ತೊಳೆದುಕೊಂಡರು. ಅತ್ತಿದ್ದು ನಮಗೆ ಕಾಣಬಾರದಲ್ಲ.