ಕೆಂಚನ ಸೂಜಿಗೆ ಒಂದು ದಿನದ ರಜೆ

ಟಿ. ದಾಸರಹಳ್ಳಿಯ ದೊಡ್ಡಮುನಿಯಪ್ಪನವರ ವಠಾರದಲ್ಲಿ ಚೆನ್ನಾಗಿರುವಾಗ ಯಾರೂ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ. ಚೆನ್ನಾಗಿಲ್ಲದಾಗಲೂ ಬೇಗ ಹತ್ತುವುದಿಲ್ಲ. ಮೈ ಬಿಸಿಯಾದರೆ ಒಂದು ಬಿಳಿ ಮಾತ್ರೆ, ಸೊಂಟ ಹಿಡಿದರೆ ಅದೇ ಬಿಳಿ ಮಾತ್ರೆ, ಮೇಲೊಂದು ಟೀ, ಆಮೇಲೆ ಪೀಣ್ಯದ ಬಸ್ಸು. ಯಾದಗಿರಿ ಕಡೆಯ ಮಲಕವ್ವ ಇದನ್ನು ಕಲಿತದ್ದು ಇಲ್ಲಿಗೆ ಬಂದ ಮೇಲೆ. ಪಂಪು ತಯಾರಿಸುವ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಅವಳು ಬೆಳಗಿನಿಂದ ಸಂಜೆಯವರೆಗೂ ನಿಂತೇ ಇರುತ್ತಾಳೆ. ಅಲ್ಲಿನ ಗೋಡೆಯ ಮೇಲೆ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಿದೆ. ಅದರಲ್ಲಿ ಹತ್ತಿ ಮುಗಿದು ಎಷ್ಟು ಕಾಲವಾಯಿತೋ, ಬಿಳಿ ಮಾತ್ರೆ ಮಾತ್ರ ಎಂದೂ ಮುಗಿದಿಲ್ಲ.

ಆ ಪ್ಯಾಕಿಂಗ್‌ನಲ್ಲೇ, ಖಾಲಿ ರಟ್ಟಿನ ಡಬ್ಬಿಯೊಳಗೆ, ಅವಳಿಗೆ ಕೆಂಚ ಸಿಕ್ಕಿದ್ದು. ಅಂಗೈಯಷ್ಟಿದ್ದ ಕೆಂಪು ಬೆಕ್ಕಿನ ಮರಿ. ಸೆರಗಿನಲ್ಲಿ ಸುತ್ತಿ ತಂದಳು. ಗಂಡ ಸೋಮಪ್ಪ ಗಾರೆ ಕೆಲಸದಿಂದ ಬರುವುದು ಅವಳಿಗಿಂತ ತಡ. ಹಾಗಾಗಿ ಬಾಗಿಲು ತೆಗೆದೊಡನೆ ಎದುರು ಬರುವ ಜೀವ ಅದೊಂದೇ. ಅವಳು ಗೋಡೆಗೆ ಒರಗಿ ಕೂತರೆ ಊದಿದ ಪಾದಗಳ ಮೇಲೆ ಬಂದು ಮಲಗುತ್ತದೆ. ಆ ಬಿಸಿಗೆ ದಿನದ ದಣಿವು ಒಂದಿಷ್ಟು ಇಳಿಯುತ್ತದೆ.

ಮಹಡಿಯ ಮೇಲೆ ಮನೆ ಮಾಲೀಕರ ಸೊಸೆ ದಿವ್ಯಾಳದ್ದೂ ಒಂದು ಬೆಕ್ಕಿದೆ. ಅದು ಪ್ರತಿವರ್ಷ ತಪ್ಪದೆ ಡಾಕ್ಟರ ಬಳಿ ಹೋಗಿ ಬರುತ್ತದೆ.

"ಮಲಕವ್ವ, ಕೆಂಚನಿಗೆ ವ್ಯಾಕ್ಸಿನ್ ಹಾಕ್ಸಿ. ಹುಳದ ಔಷಧಿನೂ ಕುಡಿಸ್ಬೇಕು."

"ಚಂದಾಗಿ ಕುಣಿಲಿಕತ್ತದಲ್ರಿ ಅಕ್ಕಾ. ಅದಕ್ಯಾಕ್ರಿ ಸೂಜಿ?"

"ಚೆನ್ನಾಗಿದ್ದಾಗಲೇ ಹಾಕ್ಸೋದು ಕಣ್ರೀ. ಕಾಯಿಲೆ ಬಂದ್ಮೇಲೆ ಅದರಿಂದ ಪ್ರಯೋಜನ ಇಲ್ಲ."

ಮಾತು ಸರಿಯೇ. ಅದಕ್ಕೆ ಬೇಕಾದ ಹಗಲು ಯಾರ ಕೈಯಲ್ಲಿದೆ ಎಂದು ಮಾತ್ರ ದಿವ್ಯಾ ಕೇಳಲಿಲ್ಲ. ಡಾಕ್ಟರು ಕೂರುವ ಹೊತ್ತೆಲ್ಲ ಮಲಕವ್ವ ಕಾರ್ಖಾನೆಯಲ್ಲಿರುತ್ತಾಳೆ. ಭಾನುವಾರ ಅವರ ಬಾಗಿಲು ಮುಚ್ಚಿರುತ್ತದೆ, ಇವಳ ಕಾರ್ಖಾನೆಯ ಬಾಗಿಲು ಓವರ್‌ಟೈಮಿಗೆ ತೆರೆದಿರುತ್ತದೆ.

ಆದರೂ ಧೈರ್ಯ ಮಾಡಿ ಸೂಪರ್‌ವೈಸರ್ ಶಶಿಕುಮಾರನ ಮುಂದೆ ನಿಂತಳು.

"ರಜೆನಾ? ಯಾರಿಗಮ್ಮ ಹುಷಾರಿಲ್ಲ?"

"ಯಾರಿಗೂ ಏನಿಲ್ರಿ ಸರ. ಬೆಕ್ಕಿಗಿ ಸೂಜಿ ಹಾಕ್ಸಬೇಕಾಗ್ಯಾದ್ರಿ."

"ಬೆಕ್ಕಿಗೇನಾಯ್ತು?"

"ಏನೂ ಆಗಿಲ್ರಿ. ಆಗಬಾರ್ದಂತನೇ ಹಾಕ್ಸೂದಂತ್ರಿ."

ಶಶಿಕುಮಾರ್ ಪಕ್ಕದ ಮೇಜಿನವನ ಕಡೆ ತಿರುಗಿದ. "ಲೋ ಚಿರಂಜೀವಿ, ಕೇಳಿಸ್ಕೊಂಡ್ಯಾ? ಏನೂ ಆಗಿಲ್ದೇ ಇರೋ ಬೆಕ್ಕಿಗೆ ರಜೆ ಅಂತೆ ಕಣೋ!" ನಕ್ಕು ಮುಗಿದ ಮೇಲೆ, "ಮೊದ್ಲು ಏನಾದ್ರೂ ಆಗ್ಲಿ, ಆಮೇಲೆ ಬಾಮ್ಮ" ಎಂದ.

ಅವನ ತಲೆಯ ಮೇಲೆಯೇ ಒಂದು ಬೋರ್ಡು ತೂಗುತ್ತಿತ್ತು. ಯಂತ್ರ ಕೆಡುವ ಮುನ್ನವೇ ಅದನ್ನು ನೋಡಿಕೊಳ್ಳಿ ಎಂದು ಕನ್ನಡದಲ್ಲೇ ಬರೆದಿತ್ತು. ಎಣ್ಣೆ ಹಾಕುವುದಕ್ಕೆಂದು ಆ ಕಾರ್ಖಾನೆಯಲ್ಲಿ ಲೈನು ನಿಲ್ಲಿಸುತ್ತಾರೆ. ಕಬ್ಬಿಣಕ್ಕೆ ಸಿಗುವ ಈ ಮರ್ಯಾದೆ ರಕ್ತಮಾಂಸಕ್ಕೆ ಏಕಿಲ್ಲ ಎಂದು ಅಲ್ಲಿ ಯಾರನ್ನು ಕೇಳಬೇಕು? ಮಲಕವ್ವ ಲೈನಿಗೆ ಹೋಗಿ ನಿಂತಳು.

ಕೆಲವು ವಾರ ಕಳೆದವು. ಒಂದು ಸಂಜೆ ಅವಳು ಬಂದಾಗ ಕೆಂಚ ಎದುರು ಬರಲಿಲ್ಲ. ಒಲೆಯ ಮೂಲೆಯಲ್ಲಿ ಮುದುಡಿ ಕೂತಿತ್ತು. ಕಿವಿ ಮುಟ್ಟಿದರೆ ಕಾದ ಹಂಚು. ಮೀನಿನ ತುಂಡು ಇಟ್ಟರೂ ಮೂಸಲಿಲ್ಲ. ಆ ಹೊತ್ತಿಗೆ ಡಾಕ್ಟರಿಲ್ಲ. ಮಲಕವ್ವ ತನಗೆ ಜ್ವರ ಬಂದಾಗ ಏನು ಮಾಡುತ್ತಿದ್ದಳೋ ಅದನ್ನೇ ಮಾಡಿದಳು. ಬಿಳಿ ಮಾತ್ರೆಯ ಒಂದು ಚೂರು ಮುರಿದು, ಬೆಕ್ಕನ್ನು ಟವೆಲ್ಲಿನಲ್ಲಿ ಸುತ್ತಿ, ಬಾಯಿ ಬಿಡಿಸಿ ಗಂಟಲಿಗೆ ತಳ್ಳಿದಳು.

"ನುಂಗು ನನ್ನಪ್ಪ. ಮುಂಜಾನಿಗಿ ಆರಾಮಾಗ್ತಿ."

ಬೆಳಿಗ್ಗೆ ಕೆಂಚನ ಮುಖ ಊದಿತ್ತು. ಬಾಯಿ ತೆರೆದು ಉಸಿರೆಳೆಯುತ್ತಿತ್ತು. ಮಲಕವ್ವ ಮಹಡಿಗೆ ಓಡಿದಳು. ದಿವ್ಯಾ ಡಾಕ್ಟರಿಗೆ ಫೋನ್ ಮಾಡಿ ಬೇಗ ಬರಲು ಕೇಳಿಕೊಂಡು ಸ್ಕೂಟರ್ ತೆಗೆದಳು. ಹಿಂದೆ ಕೂತ ಮಲಕವ್ವನ ಮಡಿಲಲ್ಲಿ ಬುಟ್ಟಿ. ಪೀಣ್ಯದ ಬಸ್ಸು ಎದುರಿನಿಂದಲೇ ಹಾದುಹೋಯಿತು.

ಡಾಕ್ಟರ್ ಆಶಾರಾಣಿ ಬೆಕ್ಕಿನ ತುಟಿ ಎತ್ತಿ ನೋಡಿದರು. ಒಸಡು ಕಂದಿ ಕಂದುಬಣ್ಣಕ್ಕೆ ತಿರುಗಿತ್ತು.

"ಏನಾದ್ರೂ ಔಷಧಿ ಕೊಟ್ರಾ?"

"ಇಲ್ರಿ."

ಅದು ಅವಳು ಯೋಚಿಸಿ ಹೇಳಿದ ಸುಳ್ಳಲ್ಲ. ಲೈನಿನಲ್ಲಿ ತಲೆ ಸುತ್ತಿ ಬಿದ್ದವರನ್ನು ಮೊದಲು ಕೇಳುವುದೇ ಏನು ತಿಂದೆ, ಏನು ನುಂಗಿದೆ ಎಂದು. ಏನು ಹೇಳಿದರೂ ಕೊನೆಗೆ ತಪ್ಪು ಬಿದ್ದವರದ್ದೇ ಆಗುತ್ತದೆ. ಹಾಗಾಗಿ ಅಲ್ಲಿನ ಹೆಂಗಸರ ಬಾಯಲ್ಲಿ 'ಇಲ್ಲ' ಸದಾ ತಯಾರಿರುತ್ತದೆ.

ಆಶಾರಾಣಿ ಅವಳ ಮುಖವನ್ನೇ ನೋಡಿದರು. "ನೋಡಮ್ಮ, ನಾನು ಬೈಯಲ್ಲ. ಏನು ಕೊಟ್ಟಿದ್ದೀರಾ ಅಂತ ಗೊತ್ತಾದ್ರೆ ಅದಕ್ಕೆ ತಕ್ಕ ಮದ್ದು ಕೊಡ್ತೀನಿ. ಹೇಳ್ದೆ ಇದ್ರೆ ನಾನು ಹುಡುಕ್ತಾ ಕೂತಿರೋವಾಗ್ಲೇ ಇದು ಹೋಗ್ಬಿಡುತ್ತೆ."

ಕೆಂಚನ ಪಾದ ಅವಳ ಬೆರಳಿಗೆ ತಣ್ಣಗೆ ತಗುಲಿತು. "ಬಿಳಿ ಗುಳಿಗಿ ಕೊಟ್ಟೀನ್ರಿ. ನಾವು ತಗೊಳ್ಳೂದು."

"ಜ್ವರದ್ದಾ? ಪ್ಯಾರಾಸಿಟಮಾಲಾ?"

"ಹೆಸರ ಗೊತ್ತಿಲ್ರಿ ಅವ್ವಾ. ಕಂಪನ್ಯಾಗ ಎಲ್ಲಾಕೂ ಅದೇ ಕೊಡ್ತಾರ."

"ಬೆಕ್ಕಿಗೆ ಅದು ವಿಷ. ಚೂರೂ ಕೊಡ್ಬಾರ್ದು" ಎನ್ನುತ್ತಲೇ ಡಾಕ್ಟರು ಒಳಗೆ ಓಡಿದರು.

ಕೆಂಚ ಉಳಿಯಿತು. ಕೆಲವು ದಿನ ಅಲ್ಲೇ ಇತ್ತು, ಮೂಗಿಗೆ ಆಮ್ಲಜನಕ, ಕಾಲಿಗೆ ಸೂಜಿ. ಕಳಿಸಿಕೊಡುವಾಗ ಆಶಾರಾಣಿ ಹೇಳಿದರು: "ಪೂರ್ತಿ ಸುಧಾರಿಸ್ಲಿ, ಆಮೇಲೆ ಕರ್ಕೊಂಡು ಬನ್ನಿ. ಲಸಿಕೆ, ಹುಳದ ಮದ್ದು ಎರಡೂ ಆಗ್ಬೇಕು. ಆಮೇಲೂ ವರ್ಷಕ್ಕೊಂದ್ಸಲ ತೋರಿಸ್ಬೇಕು, ಚೆನ್ನಾಗಿದ್ರೂ ಸರಿ. ಬೆಕ್ಕು ತನ್ನ ನೋವು ತೋರಿಸ್ಕೊಳ್ಳಲ್ಲ. ತೋರಿಸೋ ಹೊತ್ತಿಗೆ ತಡ ಆಗಿರುತ್ತೆ."

ಮಲಕವ್ವನಿಗೆ ಪ್ಯಾಕಿಂಗ್‌ನ ಹೆಂಗಸರ ಮುಖಗಳು ನೆನಪಾದವು.

ಲಸಿಕೆಯ ದಿನ ಬಂತು. ಮತ್ತೆ ಅದೇ ಮೇಜು, ಅದೇ ಬೋರ್ಡು. ಬೆಕ್ಕು ಆಸ್ಪತ್ರೆ ಸೇರಿದ್ದು ಅಷ್ಟರಲ್ಲಿ ಶಶಿಕುಮಾರನ ಕಿವಿಗೂ ಬಿದ್ದಿತ್ತು.

"ಬೆಕ್ಕು ಈಗ ಹೇಗಿದೆ?"

"ಆರಾಮೈತ್ರಿ ಸರ."

"ಮತ್ತೆ ರಜೆ ಯಾಕೆ?"

ನಿಜ ಹೇಳಿದರೆ ಸಿಗದ್ದು ಸುಳ್ಳಿಗಾದರೂ ಸಿಕ್ಕೀತೇ ಎಂದು ನೋಡಿದಳು. "ನನಗ ಜ್ವರ ಬಂದಾವ್ರಿ."

ಶಶಿಕುಮಾರ್ ಎದ್ದು ಪೆಟ್ಟಿಗೆ ತೆಗೆದು ಒಂದು ಬಿಳಿ ಮಾತ್ರೆಯನ್ನು ಅವಳ ಅಂಗೈಗೆ ಹಾಕಿದ. "ತಗೊಂಡು ಲೈನ್‌ಗೆ ಹೋಗು."

ಮಲಕವ್ವ ಅದನ್ನು ನೋಡಿದಳು. ನೀರು ಕೇಳಲಿಲ್ಲ. ಮಾತ್ರೆಯನ್ನು ಮೇಜಿನ ಮೇಲಿಟ್ಟು, "ಇದು ಬ್ಯಾಡ್ರಿ ಸರ" ಎಂದು ಹೊರಟುಹೋದಳು.

ಅದೇ ಹಗಲು, ಸೂಜಿ ಚುಚ್ಚುವಾಗ ಕೆಂಚ ಅವಳ ತೋಳು ಪರಚಿತು. ಮೈಯಲ್ಲಿ ಕಸುವು ಬಂದಿದೆ ಎಂದು ಡಾಕ್ಟರು ನಕ್ಕರು. ಅವಳೂ ನಕ್ಕಳು.

ಮರುದಿನ ಅವಳನ್ನು ಪ್ಯಾಕಿಂಗ್‌ನಿಂದ ಪಂಪುಗಳನ್ನು ಲಾರಿಗೆ ಹೇರುವ ಲೋಡಿಂಗ್‌ಗೆ ಹಾಕಿದರು. ಯಾರೂ ಕಾರಣ ಹೇಳಲಿಲ್ಲ. ಸಂಜೆ ಸೊಂಟ ನೆಟ್ಟಗಾಗಲಿಲ್ಲ. ಗೋಡೆ ಹಿಡಿದು ಕೂತವಳನ್ನು ಸೋಮಪ್ಪ ನೋಡಿದ.

"ಬೆಕ್ಕಿಗಿ ತೋರ್ಸಿದಿ. ನೀ ಯಾವಾಗ ತೋರ್ಸ್ಕೊಂತಿ?"

"ನನಗೇನಾಗ್ಯಾದ?"

ಕೆಂಚ ಬಂದು ಪಾದದ ಮೇಲೆ ಮಲಗಿತು. ಮಲಕವ್ವ ಮಾತ್ರೆ ಮುರಿದು ಅರ್ಧ ಬಾಯಿಗೆ ಹಾಕಿಕೊಂಡಳು, ಉಳಿದರ್ಧವನ್ನು ಡಬ್ಬಿಗೆ ಹಾಕಿ ಮುಚ್ಚಳ ಬಿಗಿದಳು. ನೆಲಕ್ಕೆ ಉದುರಿದ ಬಿಳಿ ಪುಡಿಯನ್ನು ಒದ್ದೆ ಬೆರಳಿನಿಂದ ಒಂದು ಕಣವೂ ಉಳಿಯದಂತೆ ಒರೆಸಿ ತೆಗೆದಳು.