ತಗಡಣ್ಣ ಬಿಟ್ಟುಹೋದ ತಿರುವು

ಬೆಳಗಿನ ಐದೂಮುಕ್ಕಾಲು. ಮೂರನೆಯ ಮಹಡಿಯ ಕಚೇರಿಯಲ್ಲಿ ಒಂದೇ ಒಂದು ಪರದೆ ಬೆಳಗುತ್ತಿದೆ. ಪರದೆಯ ಮೇಲೆ ಒಂದು ಆಸ್ಪತ್ರೆಯಿದೆ. ಆದರೆ ಅದಕ್ಕೆ ಗೋಡೆಯಿಲ್ಲ, ಬಾಗಿಲಿಲ್ಲ, ಮಂಚವಿಲ್ಲ, ಮನುಷ್ಯರಿಲ್ಲ. ಗಾಳಿ ಓಡಾಡುವ ತಗಡಿನ ಚೌಕ ಕೊಳವೆಗಳು ಮಾತ್ರ ನೀಲಿ, ಹಸಿರು ಬಣ್ಣದಲ್ಲಿ ಕಪ್ಪಿನೊಳಗೆ ತೇಲುತ್ತಿವೆ. ಮೈಯೆಲ್ಲ ಕರಗಿಹೋಗಿ ಶ್ವಾಸನಾಳವೊಂದೇ ಉಳಿದ ಹಾಗೆ.

ಆ ಪರದೆಯ ಮುಂದೆ, ಶಾಲು ಹೊದ್ದು ಕುಳಿತಿರುವವರು ಗಾಳಿಯಕ್ಕ. ವಯಸ್ಸು ಐವತ್ತೆರಡು. ಕಟ್ಟಡಗಳ ಒಳಗೆ ಗಾಳಿ ಯಾವ ದಾರಿಯಲ್ಲಿ ಹೋಗಬೇಕು, ಯಾವ ದಾರಿಯಲ್ಲಿ ಬರಬೇಕು ಎಂದು ಕಂಪ್ಯೂಟರಿನಲ್ಲಿ ಕೊಳವೆ ಜೋಡಿಸುವುದು, ಜೋಡಿಸಿದ್ದನ್ನು ಸರಿಸುವುದು, ತಿದ್ದುವುದು ಅವರ ಕಸುಬು. ಆ ಕೊಳವೆಗೆ ಡಕ್ಟ್ ಎನ್ನುತ್ತಾರೆ. ಚಾವಣಿಯ ಹಿಂದೆ ಅಡಗಿರುವ ಅದನ್ನು ನಾವ್ಯಾರೂ ತಲೆಯೆತ್ತಿ ನೋಡುವುದಿಲ್ಲ.

ಇವತ್ತಿನ ಕೆಲಸ ನೋಡಲು ಚಿಕ್ಕದು. ಒಂದು ಹಳೆಯ ಆಸ್ಪತ್ರೆಯ ಮೇಲ್ಮಹಡಿ ಹಸುಗೂಸುಗಳ ವಾರ್ಡ್ ಆಗಲಿದೆ. ಅಲ್ಲಿಗೆ ಗಾಳಿ ಒಯ್ಯುವ ದೊಡ್ಡ ಡಕ್ಟ್ ನೆಟ್ಟಗೆ ಹೋಗುತ್ತ ಹೋಗುತ್ತ, ನಡುವೆ ಇದ್ದಕ್ಕಿದ್ದಂತೆ ಪಕ್ಕಕ್ಕೆ ತಿರುಗಿ, ಒಂದು ಮಾರು ಬಳಸಿ, ಮತ್ತೆ ಮೊದಲಿನ ದಾರಿಗೆ ಬರುತ್ತದೆ. ಹಳೆಯ ನಕ್ಷೆಯ ಪ್ರಕಾರ ಅಲ್ಲಿರುವುದು ಒಂದು ದಪ್ಪ ಇಟ್ಟಿಗೆ ಗೋಡೆ ಮಾತ್ರ. "ಗೋಡೆ ಕೊರೆದು ನೆಟ್ಟಗೆ ಮಾಡಿ. ಒಂಬತ್ತಕ್ಕೆ ಕಾರ್ಖಾನೆಯಲ್ಲಿ ತಗಡು ಕತ್ತರಿಸೋಕೆ ಶುರು ಮಾಡ್ತಾರೆ" ಎಂದು ದೊಡ್ಡ ಇಂಜಿನಿಯರ್ ನಿನ್ನೆ ಸಂಜೆ ಹೇಳಿ ಹೋಗಿದ್ದಾರೆ.

ಗಾಳಿಯಕ್ಕ ತಿರುವಿನ ಮೇಲೆ ಮೌಸ್ ಒತ್ತುತ್ತಾರೆ. ಡಕ್ಟ್ ಕದಲುವುದಿಲ್ಲ. ಪುಟ್ಟ ಚೌಕವೊಂದು ತೆರೆದುಕೊಳ್ಳುತ್ತದೆ: ಈ ತುಂಡು ತಗಡಣ್ಣನ ವಶದಲ್ಲಿದೆ. ಅವರ ಒಪ್ಪಿಗೆ ಬೇಕು. ಕೇಳಲೇ?

ತಗಡಣ್ಣ ತೀರಿಕೊಂಡು ಏಳು ತಿಂಗಳಾಗಿದೆ.

ಆದರೂ ಗಾಳಿಯಕ್ಕ 'ಕೇಳು' ಎಂಬುದನ್ನು ಒತ್ತುತ್ತಾರೆ. ಒಪ್ಪಿಗೆಗಾಗಿ ಕಾಯಲಾಗುತ್ತಿದೆ ಎಂದು ಪರದೆ ಹೇಳುತ್ತದೆ. "ಅಭ್ಯಾಸಬಲ. ಬಾಗಿಲು ತಟ್ಟದೆ ಒಳಗೆ ಹೋಗೋಕಾಗುತ್ತಾ?" ಎನ್ನುತ್ತಾರೆ ಗಾಳಿಯಕ್ಕ.

ಇಪ್ಪತ್ತಮೂರು ವರ್ಷಗಳ ಹಿಂದೆ ಇದೇ ಕಚೇರಿಯಲ್ಲಿ ಅವರು ನಕ್ಷೆಗಳ ಮೇಲೆ ತೆಳುಕಾಗದ ಹಾಸಿ ತಿದ್ದಿ ಬರೆಯುತ್ತಿದ್ದರು. ಕಂಪ್ಯೂಟರ್ ಬಂತು, ಜೊತೆಗಿದ್ದ ಒಂಬತ್ತು ಮಂದಿ ಮನೆಗೆ ಹೋದರು. ಉಳಿದವರು ಇಬ್ಬರೇ: ಇವರು, ಮತ್ತು ಕಾರ್ಖಾನೆಯಲ್ಲಿ ಡಕ್ಟ್ ಬಡಿಯುತ್ತಿದ್ದು ಕಿವಿ ಮಂದವಾದ ಮೇಲೆ ಮೇಜಿಗೆ ಬಂದ ತಗಡಣ್ಣ. ಇಬ್ಬರಿಗೂ ಸೇರಿ ಒಂದೇ ಕಂಪ್ಯೂಟರ್. ಬೆಳಗ್ಗೆ ತಗಡಣ್ಣ, ಮಧ್ಯಾಹ್ನ ಇವರು. ಅವರು ಎದ್ದು ಹೋಗುವಾಗ ಕುರ್ಚಿಯ ಎತ್ತರವನ್ನು ಇವರಿಗೆ ಸರಿಹೋಗುವಂತೆ ಇಳಿಸಿ ಹೋಗುತ್ತಿದ್ದರಂತೆ. ಹದಿನಾಲ್ಕು ತಿಂಗಳು, ಒಂದು ದಿನವೂ ಮರೆಯದೆ.

"ಅಣ್ಣ ನಂಗೆ ಮೊದಲು ಹೇಳಿಕೊಟ್ಟ ಪಾಠ ಏನು ಗೊತ್ತಾ? ಡಕ್ಟ್ ಅಂದ್ರೆ ಒಟ್ಟು ಕುಟುಂಬ ಕಣಮ್ಮ, ಒಬ್ಬರ ಕೈ ಹಿಡಿದು ಎಳೆದ್ರೆ ಎಲ್ಲರೂ ಬರಬೇಕು. ಯಾರು ಬರಲಿಲ್ಲವೋ ಅಲ್ಲಿ ಸಂಬಂಧ ಕಡಿದಿದೆ ಅಂತ ಅರ್ಥ."

ಕೆಲಸದ ಗುಟ್ಟು ಅದೇ. ಒಂದು ತುಂಡನ್ನು ಸರಿಸಿದರೆ ಅದಕ್ಕೆ ಅಂಟಿದ ಕವಲುಗಳೂ, ಕವಲಿನ ತುದಿಯ ಜಾಲರಿಗಳೂ ಜೊತೆಗೆ ಬರಬೇಕು. ಒಂದು ಕೊಂಡಿ ತಪ್ಪಿದರೂ ಚಿತ್ರ ಹಾಗೇ ಇರುತ್ತದೆ. ಗಾಳಿಯ ಲೆಕ್ಕ ಮಾತ್ರ ಸೊನ್ನೆಯಾಗುತ್ತದೆ. ನೋಡಿದವರಿಗೆ ಕೊಠಡಿಗೆ ಡಕ್ಟ್ ಇದೆ, ಉಸಿರು ಇಲ್ಲ. ಈ ಆಸ್ಪತ್ರೆಯಲ್ಲಿ ಅಂಥ ತುಂಡುಗಳು ಎರಡು ಸಾವಿರದ ನೂರ ನಲವತ್ತು. ಗಾಳಿಯಕ್ಕ ದಿನಕ್ಕೆ ಇನ್ನೂರು ನೋಡುತ್ತಾರೆ. ಸಂಜೆ ಕಣ್ಣುಮುಚ್ಚಿದರೂ ನೀಲಿ ಗೆರೆಗಳು ರೆಪ್ಪೆಯೊಳಗೆ ಹರಿಯುತ್ತವೆ.

ಮನೆಯಲ್ಲಿ ಅತ್ತೆಗೆ ಈ ಕೆಲಸ ಇನ್ನೂ ಅರ್ಥವಾಗಿಲ್ಲ. "ದಿನವೆಲ್ಲ ಕೂತು ಏನು ಮಾಡ್ತೀಯೇ?" ಎಂದು ಅವರು ಕೇಳುವುದು, "ಗಾಳಿ ಸರಿಸ್ತೀನಿ ಅತ್ತೆ" ಎಂದು ಇವರು ಹೇಳುವುದು. "ಗಾಳಿಗೆ ಗುದ್ದಿ ಮೈ ನೋಯಿಸ್ಕೊಂಡ್ರು ಅಂತಾರಲ್ಲ, ಅದು ನೀನೇ ನೋಡು" ಎಂದು ಗೊಣಗುತ್ತಲೇ ಅತ್ತೆ ಸೊಸೆಯ ಹೆಗಲಿಗೆ ಎಣ್ಣೆ ತಿಕ್ಕುತ್ತಾರೆ.

ಗಂಟೆ ಆರೂಕಾಲು. ತಗಡಣ್ಣ ಒಪ್ಪಿಗೆ ಕೊಟ್ಟಿಲ್ಲ. ಅವರ ಖಾಲಿ ಕುರ್ಚಿ ಪಕ್ಕದಲ್ಲೇ ಇದೆ. ಎಸಿಯ ತಂಗಾಳಿ ಗಾಳಿಯಕ್ಕನ ಕತ್ತಿಗೆ ಬೀಳದಿರಲೆಂದು ತಗಡಣ್ಣ ಚಾವಣಿಯ ಜಾಲರಿಗೆ ಅಂಟಿಸಿದ್ದ ರಟ್ಟಿನ ತುಂಡು ಈಗಲೂ ಅಲ್ಲೇ ಇದೆ. ಎಸಿ ಶುರುವಾಗುವುದು ಎಂಟಕ್ಕೆ. ರಟ್ಟು ಮಾತ್ರ ಒಮ್ಮೆ ಮೆಲ್ಲಗೆ ಅಲುಗಿ ನಿಲ್ಲುತ್ತದೆ.

ಬೀಗ ತೆಗೆಯಲು ದಾರಿಯಿದೆ. ಕಂಪ್ಯೂಟರ್ ನೋಡಿಕೊಳ್ಳುವವನು ನಿನ್ನೆಯೇ ಹೇಳಿದ್ದಾನೆ: "ಅಕ್ಕಾ, ಅವರ ಹೆಸರಲ್ಲೇ ಒಳಗೆ ಹೋಗಿ ಬಿಟ್ಟುಕೊಡಿ. ದೊಡ್ಡವರು ಹೂಂ ಅಂದಿದ್ದಾರೆ." ಸತ್ತವರ ಚಪ್ಪಲಿ ಮೆಟ್ಟಿದ ಹಾಗೆ ಎನಿಸಿ ಸಂಜೆ ಅವರು ಮುಂದೂಡಿದ್ದರು. ಈಗ ಹೊತ್ತಿಲ್ಲ. ಹೆಸರಿನ ಜಾಗದಲ್ಲಿ ತಗಡಣ್ಣನ ಹೆಸರು ಬರೆಯುತ್ತಾರೆ.

ಆಸ್ಪತ್ರೆ ಮತ್ತೆ ತೆರೆದುಕೊಳ್ಳುತ್ತದೆ. ಆದರೆ ಅವರು ನೋಡುತ್ತಿದ್ದ ಕಡೆಯಿಂದಲ್ಲ. ಈ ಸಾಫ್ಟ್‌ವೇರ್ ಪ್ರತಿಯೊಬ್ಬರ ನೋಟವನ್ನೂ ಬೇರೆಬೇರೆಯಾಗಿ ನೆನಪಿಟ್ಟುಕೊಳ್ಳುತ್ತದೆ. ಕೊನೆಯ ಸಲ ಯಾರು ಎಲ್ಲಿ ನಿಂತು ನೋಡುತ್ತಿದ್ದರೋ ಅಲ್ಲಿಗೇ ಅವರನ್ನು ಮರಳಿ ಒಯ್ಯುತ್ತದೆ. ತಗಡಣ್ಣ ನಿಂತಿದ್ದು ತಿರುವಿನ ನಟ್ಟನಡುವೆ, ದಪ್ಪ ಗೋಡೆಯೊಳಗೆ. ನೋಟ ನೇರ ಕೆಳಕ್ಕೆ. ಮಹಡಿಗಳ ಮೇಲೆ ಮಹಡಿ, ಕಪ್ಪಿನ ಕೆಳಗೆ ಕಪ್ಪು. ಬಾವಿಯ ಅಂಚಿನಲ್ಲಿ ಬಗ್ಗಿ ನಿಂತವರ ಕಣ್ಣು ಅದು.

ಗಾಳಿಯಕ್ಕ ಕೈಯನ್ನು ಮೌಸ್‌ನಿಂದ ತೆಗೆಯುತ್ತಾರೆ. "ಅಣ್ಣ ಸುಮ್ಮಸುಮ್ಮನೆ ಒಂದು ಬೆಂಡ್ ಹಾಕೋರಲ್ಲ. ತಗಡು ಬಡಿದು ಕೈ ಜಡ್ಡುಗಟ್ಟಿದ ಮನುಷ್ಯ. ಕೊನೇ ಶುಕ್ರವಾರ ಹೋಗ್ತಾ, ಸೋಮವಾರ ಬಂದು ಹೇಳ್ತೀನಿ ಕಣಮ್ಮ ಅಂದಿದ್ರು. ಏನು ಅಂತ ನಾನು ಕೇಳಲಿಲ್ಲ." ಆ ಭಾನುವಾರ ಅವರ ಎದೆಬಡಿತ ನಿಂತಿತು. ಅದೇ ವಾರ ಆಸ್ಪತ್ರೆಯ ಕೆಲಸವೂ ನಿಂತಿತು. ಈಗ ಅದು ಮತ್ತೆ ಶುರುವಾಗಿದೆ, ಹೇಳುವವರಿಲ್ಲ.

ಆಸ್ಪತ್ರೆಗೆ ಕಾಲು ಗಂಟೆಯ ನಡಿಗೆ. ಏಳಕ್ಕೆಲ್ಲ ಅವರು ಹಿಂದಿನ ಗೇಟಿನಲ್ಲಿದ್ದಾರೆ. ಕಾವಲುಗಾರ ಮುದುಕ ಮೇಲಿನಿಂದ ಕೆಳಗೆ ನೋಡುತ್ತಾನೆ.

"ಇಷ್ಟು ಬೇಗ ಯಾರೂ ಬರಲ್ಲ ತಾಯಿ. ಏನು ನೋಡ್ಬೇಕು?"

"ಚಾವಣಿ ಒಳಗೆ ಒಂದು ಗೋಡೆ."

"ಗೋಡೆ ನೋಡೋಕೆ ಬರೋರು ನೀವು ಎರಡನೆಯವರು" ಎನ್ನುತ್ತ ಆತ ಮೇಲ್ಮಹಡಿಗೆ ಕರೆದೊಯ್ದು, ಏಣಿ ತಂದು ನಿಲ್ಲಿಸಿ, ಕೇಳದೆಯೇ ತನ್ನ ತಲೆಯ ಟವೆಲನ್ನು ಮೆಟ್ಟಿಲಿಗೆ ಸುತ್ತುತ್ತಾನೆ. ಹಿಡಿಯುವ ಕೈಗೆ ತುಕ್ಕು ತರಚದಿರಲಿ ಎಂದು.

ಚಾವಣಿಯ ಹಲಗೆ ಸರಿಸಿ ಗಾಳಿಯಕ್ಕ ತಲೆ ಒಳಗೆ ಹಾಕುತ್ತಾರೆ. ಟಾರ್ಚಿನ ಬೆಳಕಿಗೆ ಗೋಡೆ ಕಾಣುತ್ತದೆ. ಅಂಗೈ ಇಟ್ಟರೆ ಬೆಚ್ಚಗಿದೆ. ಇಟ್ಟಿಗೆಗಳ ನಡುವಿನ ಒಂದು ಬಿರುಕಿಗೆ ಶಾಲಿನ ದಾರದ ಎಳೆಯೊಂದನ್ನು ಹಿಡಿಯುತ್ತಾರೆ. ದಾರ ಹೊರಕ್ಕೆ ಬಾಗುತ್ತದೆ, ಸಡಿಲವಾಗುತ್ತದೆ, ಮತ್ತೆ ಬಾಗುತ್ತದೆ. ಮಲಗಿದವರ ಮೂಗಿನ ಮುಂದೆ ಹಿಡಿದ ಹಾಗೆ.

ಆಮೇಲೆ ಗೋಡೆಯೊಳಗೆ ಯಾರೋ ಕೆಮ್ಮುತ್ತಾರೆ. ಮೂರು ಸಲ, ಗಿಡ್ಡಗೆ.

ತಗಡಣ್ಣ ಬೆಳಗ್ಗೆ ಮೆಟ್ಟಿಲು ಹತ್ತಿ ಬಂದಾಗ ಕೆಮ್ಮುತ್ತಿದ್ದದ್ದು ಹಾಗೆಯೇ.

"ಅಲ್ಲಿ ಹಿಂದೆ ದೊಡ್ಡ ಗೂಡಿತ್ತು ತಾಯಿ" ಎಂದು ಕಾವಲುಗಾರ ಕೆಳಗಿನಿಂದ ಕೂಗುತ್ತಾನೆ. "ಮೇಲಿಂದ ಕೊಳೆ ಬಟ್ಟೆ ಎಸೆದ್ರೆ ನೆಲಮಹಡಿಗೆ ಬೀಳ್ತಿತ್ತು. ಮೇಲೆ ಇಟ್ಟಿಗೆ ಇಟ್ಟು ಮುಚ್ಚಿದ್ರು. ಕೆಳಗೆ ಬರೀ ಹಲಗೆ ಹೊಡೆದಿದ್ದಾರೆ. ಅಲ್ಲೀಗ ಕೆಮ್ಮಿನ ರೋಗಿಗಳ ವಾರ್ಡು."

ಗೋಡೆ ಕೊರೆದಿದ್ದರೆ ಆ ವಾರ್ಡಿನ ಉಸಿರೆಲ್ಲ ಈ ಗೂಡಿನಲ್ಲಿ ಹತ್ತಿ ಬಂದು ಹಸುಗೂಸುಗಳ ಚಾವಣಿಗೆ ಇಳಿಯುತ್ತಿತ್ತು. ಗಾಳಿಯಕ್ಕ ಏಣಿಯ ಮೇಲೆಯೇ ಫೋನ್ ಮಾಡುತ್ತಾರೆ. ಆಗ ಏಳೂವರೆ ಗಂಟೆ.

"ಸಾರ್, ಇದು ಕೊರೆಯೋ ಗೋಡೆ ಅಲ್ಲ. ಒಳಗೆ ಪೊಳ್ಳು. ಕಾರ್ಖಾನೆಗೆ ನಿಲ್ಲಿಸೋಕೆ ಹೇಳಿ."

"ಏನಮ್ಮಾ ಬೆಳಬೆಳಗ್ಗೆ? ತಗಡು ಉಳಿಸಿ ಅಂದ್ರೆ ಗೋಡೆ ಕಥೆ ಹೇಳ್ತೀರಿ. ನಕ್ಷೇಲಿ ಪೊಳ್ಳು ಎಲ್ಲಿದೆ?"

"ನಕ್ಷೇಲಿಲ್ಲ. ಕೇಳಿ."

ಅವರು ಫೋನನ್ನು ಬಿರುಕಿಗೆ ಹಿಡಿಯುತ್ತಾರೆ.

"ಯಾರಮ್ಮ ಅದು ಕೆಮ್ಮಿದ್ದು?"

"ಗೋಡೆ ಸಾರ್."

"ನಿಲ್ಲಿಸ್ತೀನಿ" ಎನ್ನುತ್ತಾರೆ ದೊಡ್ಡ ಇಂಜಿನಿಯರ್, ದನಿ ತಗ್ಗಿಸಿ. "ಆ ಗೂಡನ್ನ ಎರಡೂ ಕಡೆ ಭದ್ರವಾಗಿ ಮುಚ್ಚಿಸೋಣ. ಗಾರೆಯವರಿಗೆ ಕೈಯಾಡೋಕೆ ನಾಲ್ಕು ಬೆರಳು ಜಾಗ ಬಿಟ್ಟು ಬೆಂಡ್ ಸರಿಸಿ."

ಗಾಳಿಯಕ್ಕ ಏಣಿ ಇಳಿಯುತ್ತಾರೆ. ಕಾವಲುಗಾರ ತನ್ನ ಫ್ಲಾಸ್ಕಿನ ಚಹಾವನ್ನು ಮುಚ್ಚಳಕ್ಕೆ ಬಗ್ಗಿಸಿ ಕೊಡುತ್ತಾನೆ. "ಕೆಳಗಿನ ರೋಗಿಗಳಿಗೆ ಪಾಪ, ಕೆಮ್ಮು ಜಾಸ್ತಿ" ಎನ್ನುತ್ತಾರೆ ಇವರು.

"ಇವತ್ತು ಯಾರಿದ್ದಾರೆ ತಾಯಿ? ಬಣ್ಣ ಹೊಡೀಬೇಕು ಅಂತ ನಿನ್ನೆ ಸಂಜೇನೇ ಎಲ್ಲರನ್ನೂ ಆಚೆ ಕಟ್ಟಡಕ್ಕೆ ಕಳಿಸಿದ್ರು. ನಾಡಿದ್ದು ಬರ್ತಾರೆ."

ಚಹಾ ಬಿಸಿಯಾಗಿದೆ. ಗಾಳಿಯಕ್ಕ ಅದನ್ನು ಕೊನೆಯ ಗುಟುಕಿನವರೆಗೂ ಕುಡಿದು, ಮುಚ್ಚಳ ತೊಳೆದು ಹಿಂದಿರುಗಿಸುತ್ತಾರೆ. ಆಮೇಲೆ ದೊಡ್ಡ ಇಂಜಿನಿಯರ್, ಒಬ್ಬರೋ ಇಬ್ಬರೋ ರೋಗಿಗಳು ಹಿಂದೆ ಉಳಿದಿರಬೇಕು ಎಂದರು. ಗಾಳಿಯಕ್ಕ ವಿಚಾರಿಸಲು ಹೋಗಲಿಲ್ಲ. "ತಗಡಲ್ಲಿ, ಗೋಡೇಲಿ, ಎಲ್ಲರ ಕೆಮ್ಮೂ ಒಂದೇ ಥರ ಕೇಳುತ್ತೆ" ಎನ್ನುತ್ತಾರೆ. ಮತ್ತೆ ತಾವೇ, "ಹಾಗಂತ ನಾನು ಅಂದ್ಕೊಂಡಿದ್ದೀನಿ" ಎನ್ನುತ್ತಾರೆ.

ಕಚೇರಿಗೆ ಮರಳಿ, ತಗಡಣ್ಣನ ಹೆಸರಿನಲ್ಲಿ ಕೊನೆಯ ಸಲ ಒಳಗೆ ಹೋಗುತ್ತಾರೆ. ತಿರುವಿನ ಪಕ್ಕದಲ್ಲಿ ಒಂದು ಟಿಪ್ಪಣಿ ಬರೆಯುತ್ತಾರೆ: ಇದರ ಹಿಂದೆ ಹಳೆಯ ಗೂಡಿದೆ, ನೇರ ಮಾಡಬೇಡಿ. ಕೆಳಗೆ ತಗಡಣ್ಣನ ಹೆಸರು ಹಾಕುತ್ತಾರೆ. ಹೇಳಬೇಕೆಂದಿದ್ದವರು ಅವರೇ ಅಲ್ಲವೇ? ಆಮೇಲೆ ತುಂಡನ್ನು ಬಿಟ್ಟುಕೊಟ್ಟು ಹೊರಬಂದು, ತಮ್ಮ ಹೆಸರಿನಲ್ಲಿ ಮತ್ತೆ ತೆರೆಯುತ್ತಾರೆ.

ಮುಂಜಾನೆ ಕೇಳಿದ್ದ ಕೋರಿಕೆಗೆ ಉತ್ತರ ಬಂದಿದೆ. ತಗಡಣ್ಣ ಒಪ್ಪಿಗೆ ಕೊಟ್ಟಿದ್ದಾರೆ.

"ಕೇಳಿದ್ದೂ ನಾನೇ, ಕೊಟ್ಟಿದ್ದೂ ನಾನೇ. ಗೊತ್ತಿಲ್ವಾ ನಂಗೆ?" ಎಂದು ಅವರು ನಗುತ್ತಾರೆ. ಆದರೆ ಆಗ, ಯಾರೂ ಇಲ್ಲದ ಕುರ್ಚಿಯ ಕಡೆಗೆ ತಿರುಗಿ "ಸರಿ ಅಣ್ಣ" ಎಂದದ್ದನ್ನು ಅವರು ಮುಚ್ಚಿಡುವುದಿಲ್ಲ.

ತಿರುವನ್ನು ಹಿಡಿದು ನಾಲ್ಕು ಬೆರಳು ಎಳೆಯುತ್ತಾರೆ. ಅದರೊಂದಿಗೆ ಅರವತ್ತೊಂದು ತುಂಡುಗಳು ಸದ್ದಿಲ್ಲದೆ ಸರಿಯುತ್ತವೆ. ಗಾಳಿಯ ಲೆಕ್ಕವನ್ನು ಕೊಠಡಿ ಕೊಠಡಿಯಾಗಿ ನೋಡುತ್ತಾರೆ. ಎಲ್ಲೂ ಸೊನ್ನೆಯಿಲ್ಲ.

ಅವರ ಮಗಳು ದಿನ ತುಂಬುವ ಮುನ್ನವೇ ಹುಟ್ಟಿ ಹತ್ತೊಂಬತ್ತು ದಿನ ಗಾಜಿನ ಪೆಟ್ಟಿಗೆಯಲ್ಲಿದ್ದಳು. ಈಗ ಅವಳಿಗೆ ಇಪ್ಪತ್ತೇಳು, ಅಮ್ಮನಿಗಿಂತ ಒಂದು ಗೇಣು ಎತ್ತರ. "ಆಗ ಅವಳನ್ನ ಮುಟ್ಟೋ ಹಾಗಿರಲಿಲ್ಲ. ಚಾವಣಿಯ ಜಾಲರಿ ನೋಡ್ಕೊಂಡು ಕೂತಿರ್ತಿದ್ದೆ. ಆ ಗಾಳಿ ಎಲ್ಲಿಂದ ಬರುತ್ತೆ ಅಂತ ಒಂದು ದಿನವೂ ಯಾರನ್ನೂ ಕೇಳಲಿಲ್ಲ."

ಈಗ ಅವರಿಗಿರುವುದು ಒಂದೇ ಆಸೆ. "ವಾರ್ಡು ಶುರುವಾದ ಮೇಲೆ ಒಳಗೆ ಬಿಟ್ರೆ, ಆ ಜಾಲರಿ ಕೆಳಗೆ ಒಂದು ದಾರ ಹಿಡಿದು ನೋಡ್ಬೇಕು. ನೆಟ್ಟಗೆ ಒಂದೇ ಕಡೆ ಬಾಗಿದ್ರೆ ಸಾಕು, ಬಂದ್ಬಿಡ್ತೀನಿ. ಮಕ್ಕಳು ಮಲಗಿರ್ತಾವೆ."