ಪೆನ್ಸಿಲ್ ಬುರುಡೆ ಮತ್ತು ಅಜ್ಜಿಯ ಎಡಗಣ್ಣು

ಅಜ್ಜಿಯ ಬಲಗಣ್ಣಿನ ಪೊರೆ ತೆಗೆಸಿ ಲಿಂಗಸುಗೂರಿನಿಂದ ಸಿಂಧನೂರಿನ ನಮ್ಮ ಮನೆಗೆ ಕರೆತಂದ ಮೇಲೆ ನನ್ನ ದಿನಚರಿಯ ತುಂಬ ಗೆರೆಗಳೇ. ಮೇಲೆ ತಾರೀಖು, ಕೆಳಗೆ ಹನಿ ಹಾಕಿದಾಗಲೆಲ್ಲ ಒಂದೊಂದು ಗೆರೆ. ಮರುತಪಾಸಣೆಯ ದಿನ ಮಾತ್ರ ಒಂದು ವಾಕ್ಯ ಬರೆದಿದ್ದೆ: ‘ಎಡಗಣ್ಣು ಚೆನ್ನಾಗಿದೆ, ಎಲ್ಲ ಸಾಲೂ ಸರಿ ಹೇಳಿದಳು.’

ಅಜ್ಜಿಗೆ ಓದು ಬಾರದು. ಅಂಥವರಿಗೆ ಆಸ್ಪತ್ರೆಯಲ್ಲಿ ಇಂಗ್ಲಿಷಿನ E ಅಕ್ಷರದಂಥ, ಮೂರು ಕಾಲಿನ ಗುರುತುಗಳ ಫಲಕ ಇರುತ್ತದೆ. ಕಾಲುಗಳು ಯಾವ ಕಡೆಗಿವೆಯೋ ಆ ಕಡೆ ಕೈ ತೋರಿಸಬೇಕು. ಎಡಗಣ್ಣಿಗೂ ಪೊರೆ ಬರುತ್ತಿದೆ, ಬಲಗಣ್ಣಿನದರಂತೆ ಗಟ್ಟಿಯಾಗಲು ಬಿಟ್ಟರೆ ತೆಗೆಯುವುದು ಕಷ್ಟ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆದರೆ ಅಜ್ಜಿ ಫಟಾಫಟ್ ಕೈ ತೋರಿಸಿದ್ದನ್ನು ನೋಡಿ, ‘ಇಷ್ಟು ಕಾಣುತ್ತಿದ್ದರೆ ಸದ್ಯ ಬೇಡ’ ಎಂದರು.

ಆಮೇಲೊಂದು ಭಾನುವಾರ ಮೊಬೈಲಿನಲ್ಲಿ ಒಂದು ಚಿತ್ರ ನೋಡಿದೆ. ಢಾಳ ಬಣ್ಣಗಳಿಗೆ ಹೆಸರಾದ ಪಾಪ್ ಕಲಾವಿದನೊಬ್ಬ ಬಣ್ಣವನ್ನೆಲ್ಲ ಬಿಟ್ಟು ಬರೀ ಪೆನ್ಸಿಲಿನಲ್ಲಿ ಬರೆದ ತಲೆಬುರುಡೆ. ಸುತ್ತ ಒಂದೇ ಗೆರೆ, ಎರಡು ಕಣ್ಣುಗುಳಿ, ಹಲ್ಲಿಗೆ ಸಣ್ಣ ಸಣ್ಣ ಗೀಟು, ಅಷ್ಟೇ. ಹೆದರಿಸುವ ಬುರುಡೆಯಲ್ಲ, ಏನೋ ಕೇಳಿಸಿಕೊಂಡು ನಗುತ್ತಿರುವಂತಿತ್ತು. ಅಂದಿನ ಪುಟದ ತುಂಬ ಅದನ್ನೇ ನಕಲು ಮಾಡಿದೆ.

ಪಡಸಾಲೆಯಲ್ಲಿ ಕುಳಿತಿದ್ದ ಅಜ್ಜಿಗೆ ಆಗತಾನೆ ಹನಿ ಹಾಕಿದ್ದೆ. ಬಲಗಣ್ಣು ಮುಚ್ಚಿಕೊಂಡೇ ಕೇಳಿದಳು: “ಏನ್ ಗೀಚಾಕತ್ತೀಬೇ? ತೋರಸಿಲ್ಲಿ.”

ಪುಟ ಹಿಡಿದೆ.

“ಹೊಲದಾಗಿನ ದೃಷ್ಟಿ ಗಡಿಗಿ. ಚೊಲೊ ಬಂದೈತಿ. ಸುಣ್ಣದ ಬೊಟ್ಟು ಇಡೋದು ಮರ್ತೀ ನೋಡು.”

ಬೆಳೆಗೆ ಕಣ್ಣು ತಾಗದಿರಲೆಂದು ಕೋಲಿಗೆ ಬೋರಲು ಹಾಕುವ ಮಡಕೆ! ನನಗೆ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ಅವಳು ಬಲಗಣ್ಣು ತೆರೆದಳು.

“ಅಯ್ಯ ಶಿವನ! ಸತ್ತವನ ತಲಿ! ಹಲ್ಲು ಸೈತ ಬರದೀಯಲ್ಲಬೇ, ಸಂಡೇ ದಿನ ಬ್ಯಾರೆ ಏನೂ ಸಿಗಲಿಲ್ಲೇನು?”

ನನ್ನ ನಗು ನಿಂತಿತು. “ಅಜ್ಜಿ, ಎಡಗಣ್ಣಿಗೆ ಈ ಹಲ್ಲು ಕಾಣಲಿಲ್ಲೇನು? ಮತ್ತ ಆಸ್ಪತ್ರಾಗ ಅಷ್ಟು ಸಣ್ಣ ಗುರುತು ಹೆಂಗ ಹೇಳಿದಿ?”

ಅಜ್ಜಿ ಸೆರಗು ಸರಿಮಾಡಿಕೊಂಡಳು. “ಬಾಗಲದಾಗ ಕುಂತಿದ್ನಲ್ಲ. ಮುಂದಿನಾಕಿ ಕೈ ಮಾಡೋದು ಬಲಗಣ್ಣಿಲೆ ನೋಡಿದೆ. ಮ್ಯಾಲೆ, ಬಲಕ್ಕ, ಕೆಳಗ, ಮತ್ತ ಕೆಳಗ... ಬೀಸೂ ಕಲ್ಲಿನ ಪದ ಕಲ್ತಂಗ ಕಲ್ತೆ.”

“ಯಾಕ?”

“ಇನ್ನೊಂದು ಕಣ್ಣು ಕೊಯ್ದ್ರ ಮತ್ತ ಒಲಿ ಮುಂದ ಕುಂದ್ರಬ್ಯಾಡ ಅಂತಾರ. ಮತ್ತ ನಿಮ್ಮವ್ವನ ರೊಟ್ಟಿ ತಿನ್ನಬೇಕು.”

“ಕೇಳಸಾಕತ್ತೈತ್ರಿ ಅತ್ತಿ!” ಅಡುಗೆಮನೆಯಿಂದ ಅವ್ವ ಕೂಗಿದಳು.

“ಕೇಳಲಿ ಅಂತನ ಅಂದೆ!”

ಬೈಯಬೇಕೆಂದುಕೊಂಡೆ, ಆಗಲಿಲ್ಲ. ಪುಟವನ್ನು ಅವಳ ಮಡಿಲಲ್ಲಿಟ್ಟೆ. ಅವಳು ಒಂದು ಕಣ್ಣು ಮುಚ್ಚಿ ನೋಡಿದಳು, ಇನ್ನೊಂದನ್ನು ಮುಚ್ಚಿ ನೋಡಿದಳು. ಬೆರಳಿನಿಂದ ಹಲ್ಲಿನ ಸಾಲು ಹುಡುಕಿದಳು. ಎಡಗಣ್ಣಿನ ಸರದಿ ಬಂದಾಗ ಬೆರಳು ಪ್ರತಿಸಲವೂ ಗೆರೆ ತಪ್ಪಿ ಖಾಲಿ ಹಾಳೆಯ ಮೇಲೆ ನಿಲ್ಲುತ್ತಿತ್ತು.

“ಇಷ್ಟು ಹೋಗೇತೇನು?” ಎಂದಳು ಕೊನೆಗೆ. “ಬಲಗಣ್ಣಿನ ಆಸರಕ್ಕ ಗೊತ್ತ ಆಗಿದ್ದಿಲ್ಲ ನೋಡು.”

ಸೋಮವಾರ ಮಸ್ಕಿ ದಾರಿಯ ಬಸ್ಸು ಹಿಡಿದು ಲಿಂಗಸುಗೂರಿಗೆ ಹೋದೆವು. ಅಲ್ಲಿ ಅಜ್ಜಿ ತಪಾಸಣೆ ಕೋಣೆಯ ಬಾಗಿಲಿಗೆ ಬೆನ್ನು ಮಾಡಿ ಕುಳಿತಳು, ಯಾರೂ ಹೇಳದೆಯೇ. ಒಳಗೆ ಬಲಗಣ್ಣು ಮುಚ್ಚಿದಾಗ ಮೊದಲ ದೊಡ್ಡ ಗುರುತಿಗೆ ಕೈಯೆತ್ತಿದಳು, ಎರಡನೆಯ ಸಾಲಿಗೆ ಕೈ ಇಳಿಸಿಬಿಟ್ಟಳು.

“ಕಾಣವಲ್ದ್ರೀ ಸಾಹೇಬ್ರ.”

ಡಾಕ್ಟರು ಹಳೆಯ ಚೀಟಿ ತಿರುವಿ ಹುಬ್ಬೇರಿಸಿದರು. “ಹೋದ ಸಲ ಎಲ್ಲಾ ಸರಿ ಹೇಳಿದ್ರಲ್ಲ ಅಮ್ಮಾ?”

“ಹೋದ ಸಲ ಮುಂದಿನಾಕಿ ಭಾಳ ಶಾಣ್ಯಾ ಇದ್ಲುರಿ,” ಎಂದಳು ಅಜ್ಜಿ. “ಅದಿರ್ಲಿ, ಈ ಕಣ್ಣು ಕೊಯ್ಸಾಕ ಯಾವತ್ತು ಬರ್ಲಿ, ಅದನ್ನ ಹೇಳ್ರಿ.”